ಭೂಮಿ ಹುಣ್ಣಿಮೆಯ ಬೆಳಿಗ್ಗೆ ಗದ್ದೆಗಿಳಿದ ಬುಲ್ಡೋಜರ್

ಹೋದ ಸಲ ಸಿಗಂದೂರಿಗೆ ಹೋಗಿ ತೀರ್ಥಹಳ್ಳಿಗೆ ಮರಳುವಾಗ, ರಿಪ್ಪನ್‌ಪೇಟೆ ದಾಟಿ ಸ್ವಲ್ಪ ದೂರಕ್ಕೆ ನಮ್ಮ ಬಸ್ಸು ನಿಂತುಬಿಟ್ಟಿತು. ರಸ್ತೆ ಅಗಲ ಮಾಡುತ್ತಿದ್ದರು. ಜೆಸಿಬಿಯೊಂದು ಪಕ್ಕದ ಗದ್ದೆಯ ಅಂಚನ್ನು ಬಾಚಿ ಬಾಚಿ ಲಾರಿಗೆ ತುಂಬುತ್ತಿತ್ತು. ಬಸ್ಸಿನಲ್ಲಿದ್ದವರು ಗೊಣಗಿದರು, ಮೊಬೈಲು ಹೊರತೆಗೆದರು. ಕಿಟಕಿ ಪಕ್ಕ ಕೂತಿದ್ದ ನಾನು ಸೆಕೆಯೆಂದು ಗಾಜು ಸರಿಸಿದೆ. ಸರಿಸಬಾರದಿತ್ತು. ಕಣ್ಣು, ಕಿವಿ ಎರಡೂ ಕೈಕೊಟ್ಟಿವೆ, ಆದರೆ ಈ ಮೂಗು ಮಾತ್ರ ಇನ್ನೂ ಹರೆಯದಲ್ಲೇ ಇದೆ. ಹಾಲು ತುಂಬಿದ ಭತ್ತದ ತೆನೆ ನಜ್ಜಾದಾಗ ಒಂದು ವಾಸನೆ ಬರುತ್ತದೆ. ಹಸಿ ಹಾಲಿನಂಥದು, ತುಸು ಸಿಹಿ. ಅದಕ್ಕೆ ಡೀಸೆಲ್ಲಿನ ಹೊಗೆ ಬೆರೆತಿತ್ತು. ಈ ಎರಡೂ ವಾಸನೆಗಳು ಒಟ್ಟಿಗೆ ನನ್ನ ಮೂಗಿಗೆ ಬಡಿದದ್ದು ಹಿಂದೆ ಒಮ್ಮೆ ಮಾತ್ರ. ಅದೂ ಇದೇ ಸೀಮೆಯಲ್ಲಿ, ಇದೇ ಆಶ್ವೀಜ ಮಾಸದಲ್ಲಿ, ನನ್ನ ಚೌಡಪ್ಪ ಮಾವ ಸತ್ತ ವರ್ಷ.

ನಮ್ಮದು ಶರಾವತಿ ದಂಡೆಯ ಊರು. ಈಗ ನೀರಿನಡಿ ಇದೆ, ಹೆಸರು ಹೇಳಿ ಪ್ರಯೋಜನವಿಲ್ಲ. ಅಮ್ಮ ನನ್ನನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡಳಂತೆ. ಅಮ್ಮನ ತಮ್ಮ ಚೌಡಪ್ಪ ಮಾವ ಮತ್ತು ಅವನ ಹೆಂಡತಿ ಹೂವಮ್ಮತ್ತೆ ನನ್ನನ್ನು ಸಾಕಿದರು. ಅವರಿಗೆ ಮಕ್ಕಳಿರಲಿಲ್ಲ. ಅರವತ್ತರ ದಶಕದ ಆರಂಭದಲ್ಲಿ, ಅತ್ತ ಅಣೆಕಟ್ಟು ಮೇಲೇಳುತ್ತಿದ್ದ ಹಾಗೆ, ಇತ್ತ ನಮ್ಮಂಥವರನ್ನೆಲ್ಲ ಪಾತ್ರೆ ಪಗಡೆಯ ಸಮೇತ ಲಾರಿಗೆ ಹೇರಿ, ಹೊಸನಗರ ಮತ್ತು ರಿಪ್ಪನ್‌ಪೇಟೆಯ ನಡುವಿನ ಒಂದು ಕುರುಚಲು ಕಾಡಿನಲ್ಲಿ ಇಳಿಸಿ ಹೋದರು. ಊರಿಗೆ ಹೊಸಕೊಪ್ಪ ಎಂದು ನಾವೇ ಹೆಸರಿಟ್ಟುಕೊಂಡೆವು. ಹೆಸರಿಡುವುದಕ್ಕಾದರೂ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮಾವ ಅಳುವ ಪೈಕಿಯಲ್ಲ. ಬಂದ ವಾರವೇ ಗದ್ದೆ ಮಾಡಲೆಂದು ಪೊದೆ, ಮಟ್ಟಿ ಕಡಿಯಲು ಶುರುಮಾಡಿದ. "ಹೊಳೆ ಹೋಯ್ತು ಅಂತ ಎಷ್ಟು ದಿನ ಕೂರದು? ಮಣ್ಣು ಇದ್ಯಲ್ಲ ಮಾರಾಯ್ತಿ" ಎಂದು ಅತ್ತೆಯನ್ನು ಎಬ್ಬಿಸುತ್ತಿದ್ದ. ಆದರೆ ಮಣ್ಣಿನ ತುಂಬ ಮರದ ಬೊಡ್ಡೆಗಳಿದ್ದವು. ಅವನೂ ಎತ್ತುಗಳೂ ಸೇರಿ ಎಳೆದರೆ ಒಂದು ಬೊಡ್ಡೆಗೆ ಒಂದು ವಾರ ಹೋಗುತ್ತಿತ್ತು.

ಆಗ ಬಂದವನು ನಿಂಗರಾಜ. ಹಳೆಯ ರಸ್ತೆ ನೀರಿಗೆ ಹೋಗುತ್ತದೆಂದು ಹೊಸ ರಸ್ತೆ ಕಡಿಯುವ ಕೆಲಸ ಯಾರೋ ಒಬ್ಬ ಕಂಟ್ರಾಕ್ಟರಿಗೆ ಸಿಕ್ಕಿತ್ತು. ಅವನ ಆಳುಗಳ ಕ್ಯಾಂಪು ನಮ್ಮ ಊರ ಮೇಲಿನ ದಿಬ್ಬದಲ್ಲಿತ್ತು. ಅಲ್ಲಿದ್ದ ಹಳದಿ ಬುಲ್ಡೋಜರ್ ನೋಡಲು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಿದ್ದರು. ಅದನ್ನು ಓಡಿಸುವವನು ಚಿತ್ರದುರ್ಗದ ಕಡೆಯ ಹುಡುಗ, ಉದ್ದ ಕಾಲಿನವ, ನಮ್ಮ ಮಳೆ ಕಂಡರೆ ಬೆಕ್ಕಿನಂತೆ ಮುದುಡುವವ. ಮಾವ ಒಂದು ದಿನ ದಿಬ್ಬ ಹತ್ತಿ ಅವನ ಹತ್ತಿರ ಎಲೆಯಡಿಕೆ ಸಂಚಿ ಬಿಚ್ಚಿ ಕೂತ. ಮರುದಿನ ರಜೆ. ಬುಲ್ಡೋಜರ್ ಸೀದಾ ನಮ್ಮ ಗದ್ದೆಗೆ ಇಳಿಯಿತು. ಮಧ್ಯಾಹ್ನದೊಳಗೆ ಬೊಡ್ಡೆಗಳೆಲ್ಲ ಬುಡಮೇಲಾಗಿ ಬಿದ್ದವು, ದಿಣ್ಣೆ ತಗ್ಗಾಯಿತು, ತಗ್ಗು ಸಮವಾಯಿತು. ಅತ್ತೆ ಊಟಕ್ಕೆ ಕರೆದಳು. ಅಕ್ಕಿ ರೊಟ್ಟಿ ತಿನ್ನುತ್ತ ಅವನು, "ನಮ್ಮ ಕಡೀಗೆ ರೊಟ್ಟಿ ಅಂದ್ರ ಇದಲ್ರೀ ಅಮ್ಮ. ಆದ್ರ ಇದೂ ಕೆಟ್ಟಿಲ್ಲ ಬಿಡ್ರಿ" ಅಂದ.

"ಕೆಟ್ಟಿಲ್ಲ ಅನ್ನೋರು ಇನ್ನೂ ಎರಡು ಹಾಕಿಸ್ಕೋತಾರಾ?" ಎಂದೆ ನಾನು ಒಳಗಿನಿಂದಲೇ. ಅದು ನಾನು ಅವನಿಗೆ ಆಡಿದ ಮೊದಲ ಮಾತು. ಮಾವ ನಕ್ಕ ರಭಸಕ್ಕೆ ನೀರು ನೆತ್ತಿಗೆ ಹತ್ತಿತು.

ಆ ವರ್ಷದ ಭೂಮಿ ಹುಣ್ಣಿಮೆಗೆ ಮಾವ ಅವನನ್ನೂ ಕರೆದ. ಗೊತ್ತಿಲ್ಲದವರಿಗೆ ಹೇಳಬೇಕು: ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ಒಡೆದು, ತೆನೆ ಹೊರಬಂದು, ಹಾಲು ತುಂಬಿಕೊಳ್ಳುತ್ತದೆ. ನಮ್ಮ ಪಾಲಿಗೆ ಭೂಮಿ ಆಗ ತುಂಬಿದ ಬಸುರಿ. ಅವಳಿಗೆ ಬಯಕೆಯ ಊಟ ಹಾಕುವ ಹಬ್ಬ ಅದು. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಕಾಡು ಮೇಡಿನ ಸೊಪ್ಪುಗಳನ್ನೆಲ್ಲ ಬೇಯಿಸಿ, ಹತ್ತಾರು ಬಗೆಯ ಅಡುಗೆ ತುಂಬಿ, ಬೆಳಕು ಹರಿಯುವ ಮೊದಲು ಗಂಡಸರು ಗದ್ದೆಗೆ ಒಯ್ಯುತ್ತಾರೆ. ಸೊಪ್ಪಿನ ಅಡುಗೆಯನ್ನು ಪೈರಿಗೆ ಎರಚುತ್ತ 'ಕೂ' ಎಂದು ಕೂಗುತ್ತಾರೆ. ಆಮೇಲೆ ಗದ್ದೆಯ ಒಂದು ಕಡೆ ಕುಕ್ಕರಗಾಲಲ್ಲಿ ಕೂತು, ಎಡೆಯನ್ನು ಮಣ್ಣಿನಲ್ಲಿ ಹುಗಿಯುತ್ತಾರೆ. ಬಡಿಸಲು ಕೂತವನು ಬಡಿಸಿ ಮುಗಿಯದೆ ಏಳುವ ಹಾಗಿಲ್ಲ. ಬಸುರಿಯನ್ನು ಅರ್ಧ ಊಟದಲ್ಲಿ ಬಿಟ್ಟು ಯಾರು ಏಳುತ್ತಾರೆ? ಆ ದಿನ ಮಣ್ಣಿಗೆ ನೇಗಿಲು, ಗುದ್ದಲಿ, ಯಾವ ಕಬ್ಬಿಣವೂ ತಾಗುವುದಿಲ್ಲ.

ಮತ್ತೊಂದು ರೂಢಿ ಇತ್ತು. ಒಂದು ಗದ್ದೆಯಿಂದ ಕೂ ಕೇಳಿಸಿದರೆ ಇನ್ನೊಂದು ಗದ್ದೆಯವರು ಓಗೊಡಬೇಕು. ಕೇಳಿಸಿಯೂ ಸುಮ್ಮನಿದ್ದರೆ ಕೂಗಿದವನಿಗೆ ಅವಮಾನ. ಮಾವ ಇದನ್ನೆಲ್ಲ ನಿಂಗರಾಜನಿಗೆ ಕೂತು ಕಲಿಸಿದ. ಗದ್ದೆಯ ಕೆಳಗಿನ ಮೂಲೆಯಲ್ಲಿ, ನೀರು ಹೊರಹೋಗುವಲ್ಲಿ, ತನ್ನ ಪಕ್ಕ ಕೂರಿಸಿಕೊಂಡು ಎಡೆ ಹುಗಿಸಿದ. ನಾವು ಹೆಂಗಸರು ಅಡುಗೆಮನೆಯಲ್ಲಿ ಕಿವಿ ನಿಮಿರಿಸಿಕೊಂಡು ಇದ್ದೆವು. ಎಲ್ಲರ ಕೂ ಕೊನೆಯಲ್ಲಿ ಮೇಲೇರಿ ನಿಲ್ಲುತ್ತಿತ್ತು. ನಿಂಗರಾಜನದು ಅರ್ಧಕ್ಕೆ ಒಡೆದು, ಎಮ್ಮೆಗರು ಕೂಗಿದ ಹಾಗೆ ಕೆಳಕ್ಕೆ ಬಿತ್ತು. ಊರಿಗೆ ಊರೇ ನಕ್ಕಿತು. ಅವತ್ತು ಗದ್ದೆಯ ಅಂಚಿನಲ್ಲಿ ಎಲೆ ಹಾಕಿ ನಾವೆಲ್ಲ ಒಟ್ಟಿಗೆ ಉಂಡೆವು. ನಾನು ಅವನ ಎಲೆಗೆ ಕಡುಬು ಬಡಿಸುವಾಗ ಅವನು ತಲೆ ಎತ್ತಲಿಲ್ಲ, ಆದರೆ ಕಿವಿ ಕೆಂಪಾದದ್ದು ನನಗೆ ಕಂಡಿತು.

ಈಗ ಇದನ್ನೆಲ್ಲ ಬರೆಯುವಾಗ ನನ್ನ ಮೊಮ್ಮಕ್ಕಳು ನಕ್ಕರೆ ನಗಲಿ. ನನಗೆ ಆಗ ಅವನ ಹುಚ್ಚೇ ಹಿಡಿದಿತ್ತು. ದಿಬ್ಬದಿಂದ ಬುಲ್ಡೋಜರ್ ಶಬ್ದ ಕೇಳಿದರೆ ಒರಳಿನ ಮುಂದೆ ಕೂತವಳು ರುಬ್ಬುವುದನ್ನು ಮರೆಯುತ್ತಿದ್ದೆ. ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮಾವನೇ ಮಾತು ತೆಗೆದ. "ಮಶೀನಿಂದ ಇಳ್ಸಿ ಗದ್ದೆಗೆ ಹಾಕ್ತೀನಿ ಅವ್ನನ್ನ. ಗೌರಿಗೆ ಸರಿ ಆಗ್ತಾನೆ" ಅಂದ, ನನ್ನತ್ತ ಕಣ್ಣು ಹಾಯಿಸುತ್ತ. ಅತ್ತೆ ಜಾತಿ, ಕುಲ, ಊರು ಎಲ್ಲ ಎತ್ತಿದಳು. "ನಮ್ಮ ಊರು ಯಾವ್ದು ಹೇಳು ಕಾಣ? ನೀರೊಳಗೆ ತೋರಿಸ್ತೀಯಾ?" ಎಂದು ಮಾವ ಕೇಳಿದ ಮೇಲೆ ಅವಳು ಎದ್ದು ಒಲೆಯ ಕಡೆ ಹೋದಳು. ಸುಗ್ಗಿ ಮುಗಿದ ಮೇಲೆ ಮದುವೆ ಎಂದು ಮಾತಾಯಿತು.

ಅಷ್ಟರಲ್ಲಿ ಕೆಂಪು ಬಾವುಟಗಳು ಬಂದವು. ಹೊಸ ರಸ್ತೆ ಮೊದಲು ದಿಬ್ಬದ ಆಚೆಯಿಂದ ಹೋಗುವುದೆಂದಿತ್ತು. ಯಾಕೋ ಏನೋ, ಅದು ಈಚೆಗೆ ತಿರುಗಿತು. ಸಾಲಾಗಿ ಬಾವುಟ ನೆಟ್ಟರು. ಆ ಸಾಲು ನಮ್ಮ ಗದ್ದೆ, ಪಕ್ಕದ ಮಂಜಪ್ಪನ ಗದ್ದೆ, ಇನ್ನೂ ಕೆಲವರ ಗದ್ದೆಗಳ ನಡುವಿಂದ ಹಾದು ಹೋಯಿತು. ಭತ್ತ ಮೊಣಕಾಲು ದಾಟಿತ್ತು. ಮಾವ ರಸ್ತೆ ಬೇಡವೆನ್ನಲಿಲ್ಲ. ಅಂಗಲಾಚಲೂ ಇಲ್ಲ. "ಕೊಯ್ಲು ಆಗೋತನಕ ತಡೀರಿ. ಆಮೇಲೆ ನಾವೇ ಬದು ಕಡಿದು ಕೊಡ್ತೀವಿ" ಎಂದ. ಕಂಟ್ರಾಕ್ಟರನ ಮೇಸ್ತ್ರಿ ತಡೆಯಲಾಗುವುದಿಲ್ಲ ಎಂದ.

ಮರುದಿನದಿಂದ ಊರಿನವರೆಲ್ಲ ಬಾವುಟದ ಸಾಲಿನಲ್ಲಿ ಕೂತೆವು. ಗಂಡಸರು, ಹೆಂಗಸರು, ಮುದುಕರು. ಮಂಜಪ್ಪ ಘೋಷಣೆ ಕೂಗಿಸುತ್ತಿದ್ದ. ಬೆಳಿಗ್ಗೆ ಬುಲ್ಡೋಜರ್ ದಿಬ್ಬ ಇಳಿದು ಬರುತ್ತಿತ್ತು. ನಮ್ಮ ಮುಂದೆ ಬಂದು ನಿಲ್ಲುತ್ತಿತ್ತು. ನಿಂಗರಾಜ ಎಂಜಿನ್ ಆರಿಸಿ ಕೆಳಗಿಳಿದು ಮಾವನ ಪಕ್ಕದಲ್ಲೇ ಕೂರುತ್ತಿದ್ದ. "ನೀವು ಕುಂತ್ರ ನಾ ನಿಲ್ಲಿಸ್ತೀನಿ ಯಜಮಾನ್ರ. ನಂದೇನು ಗಂಟು ಹೋಗ್ತದ" ಎನ್ನುತ್ತಿದ್ದ. ಸಂಜೆ ಬುಲ್ಡೋಜರ್ ವಾಪಸು ಹೋಗುತ್ತಿತ್ತು. ಹಾಗೇ ಮಹಾನವಮಿ ಬಂದು ಹೋಯಿತು. ನನಗಂತೂ ಆ ದಿನಗಳು ಹಬ್ಬದ ಹಾಗಿದ್ದವು. ಇಡೀ ದಿನ ಅವನು ಕಣ್ಣೆದುರು ಇರುತ್ತಿದ್ದ, ಅದಕ್ಕೊಂದು ಘನವಾದ ಕಾರಣವೂ ಇತ್ತು.

ಆದರೆ ಮೇಸ್ತ್ರಿಗೂ ತಾಳ್ಮೆ ಮುಗಿಯಿತು. ಗದ್ದೆ ದಾಟಿಸದಿದ್ದರೆ ಕೆಲಸ ಬಿಡು, ಬೇರೆ ಡ್ರೈವರ್ ಬರುತ್ತಾನೆ ಎಂದು ನಿಂಗರಾಜನಿಗೆ ಹೇಳಿದನಂತೆ. ಅವನು ಬಂದು ನಮ್ಮ ಜಗಲಿಯಲ್ಲಿ ಅದನ್ನೇ ಹೇಳಿದಾಗ ಮಾವ ಎಲೆಗೆ ಸುಣ್ಣ ಹಚ್ಚುತ್ತ ಕೂತ. ನನ್ನ ಬಾಯಿ ಸುಮ್ಮನಿರುತ್ತದೆಯೇ? "ಬಿಡು ಮತ್ತೆ. ಕೆಲ್ಸ ಬಿಟ್ಟು ನಮ್ಮ ಜೊತೆ ಕೂರು. ಅಲ್ಲಿ ತನ್ಕ ಈ ಮನೇಲಿ ನಿಂಗೆ ಎಲೆ ಹಾಕಲ್ಲ" ಅಂದೆ. ಅವನು ಊಟ ಮಾಡದೆ ಹೋದ. ಹಬ್ಬಕ್ಕೆ ಕೆಲವೇ ದಿನ ಉಳಿದಿತ್ತು. ಅಷ್ಟೂ ದಿನ ಅವನು ಬರಲಿಲ್ಲ, ನಾನು ಕರೆಯಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಏನಾಯಿತೆಂಬುದನ್ನು ನಾನು ಕಣ್ಣಾರೆ ಕಂಡಿಲ್ಲ. ಹೆಂಗಸರೆಲ್ಲ ಒಲೆಯ ಮುಂದಿದ್ದೆವು. ಮಂಜಪ್ಪ ಮತ್ತು ಉಳಿದವರು ಹೇಳಿದ್ದನ್ನು ಹೊಂದಿಸಿ ಹೇಳುತ್ತೇನೆ. ಹಬ್ಬದ ಬೆಳಿಗ್ಗೆ ಎಲ್ಲರೂ ತಂತಮ್ಮ ಗದ್ದೆಯಲ್ಲಿ ಚದುರಿರುತ್ತಾರೆ, ಬಾವುಟದ ಸಾಲಿನಲ್ಲಿ ಯಾರೂ ಕೂರುವುದಿಲ್ಲ. ಇದು ಮೇಸ್ತ್ರಿಗೆ ಹೊಳೆಯಿತು. ಬೆಳಕು ಹರಿಯುವಾಗಲೇ ನಿಂಗರಾಜನ ಕೈಯಲ್ಲಿ ಬುಲ್ಡೋಜರ್ ಹೊರಡಿಸಿದ. ಗದ್ದೆಯ ಮಟ್ಟದಲ್ಲಿ ಮಂಜು ದಟ್ಟವಾಗಿತ್ತು, ದಿಬ್ಬದ ನೆತ್ತಿ ಮಾತ್ರ ಅದರ ಮೇಲೆ ಕಾಣುತ್ತಿತ್ತು. ಮಾವ ಆ ವರ್ಷ ಕೆಳಗಿನ ಮೂಲೆಗೆ ಹೋಗಿರಲಿಲ್ಲ. ಕೆಂಪು ಬಾವುಟದ ಬುಡದಲ್ಲೇ, ರಸ್ತೆಗೆಂದು ಹೋಗಲಿದ್ದ ಮಣ್ಣಿನಲ್ಲೇ ಎಡೆ ಹುಗಿಯಲು ಕೂತಿದ್ದ. ಇನ್ನು ಮುಂದೆ ಅದಕ್ಕೆ ಉಣ್ಣಿಸುವವರು ಯಾರೂ ಇಲ್ಲವಲ್ಲ ಎಂದಿರಬೇಕು. ತಲೆಯ ಮೇಲೆ ಕಂಬಳಿ ಕೊಪ್ಪೆ, ಸುತ್ತ ಸೊಂಟದೆತ್ತರ ಭತ್ತ. ಮಂಜಪ್ಪ ತನ್ನ ಗದ್ದೆಯಿಂದ ದಿಬ್ಬದ ನೆತ್ತಿಯಲ್ಲಿ ಬುಲ್ಡೋಜರ್ ನೋಡಿದ. ನಿಲ್ಲಿಸು ಎಂದು ಜೀವ ಹೋಗುವಂತೆ ಕೂ ಹಾಕಿದ. ಅಷ್ಟು ದೂರಕ್ಕೆ ಕೇಳುವ ಕೂಗು ನಮಗೆ ಗೊತ್ತಿದ್ದದ್ದು ಅದೊಂದೇ. ಸುತ್ತಲಿನ ಗದ್ದೆಗಳಿಂದ ಹಬ್ಬದ ಕೂಗೂ ಬರುತ್ತಿತ್ತು. ಬುಲ್ಡೋಜರ್ ಕೆಳಗಿಳಿಯಿತು, ಭತ್ತಕ್ಕೆ ನುಗ್ಗಿತು, ಬಾವುಟ ದಾಟಿತು.

ಆಮೇಲಿನದು ನನಗೆ ಬರೆಯಲು ಆಗುವುದಿಲ್ಲ. ನಾವು ಓಡಿ ಹೋದಾಗ ಎಂಜಿನ್ ನಿಂತಿತ್ತು. ನಿಂಗರಾಜ ಕೆಸರಿನಲ್ಲಿ ಮಂಡಿಯೂರಿ ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದ. ಜನ ಅವನಿಗೆ ಹೊಡೆಯುತ್ತಿದ್ದರು, ಅವನು ಬಗೆಯುವುದನ್ನು ನಿಲ್ಲಿಸಲಿಲ್ಲ. ಆ ವಾಸನೆ ಆಗ ಬಂದದ್ದು.

ಮಾವನನ್ನು ಸುಟ್ಟು ಬರುವುದರೊಳಗೆ ಚರ್ಚೆ ಶುರುವಾಗಿತ್ತು. ಬೇಕೆಂದೇ ಹತ್ತಿಸಿದನೋ, ಗೊತ್ತಾಗದೆ ಹತ್ತಿಸಿದನೋ? ರಿಪ್ಪನ್‌ಪೇಟೆ ಸಂತೆಯಲ್ಲಿ, ಹೊಸನಗರದ ಬಸ್ಸಿನಲ್ಲಿ, ತೀರ್ಥಹಳ್ಳಿಯಿಂದ ಸಾಗರದವರೆಗೆ ಹೋಟೆಲುಗಳಲ್ಲಿ ಇದೇ ಮಾತು. ಬೆಂಚಿನ ಮೇಲೆ ಕೂತವರಿಗೆಲ್ಲ ಒಂದೇ ವಾರದಲ್ಲಿ ಬುಲ್ಡೋಜರ್ ಓಡಿಸಲು ಬಂದುಬಿಟ್ಟಿತ್ತು. ಲೋಟವನ್ನು ಬುಲ್ಡೋಜರ್ ಮಾಡಿ, ಸಕ್ಕರೆ ಡಬ್ಬಿಯನ್ನು ದಿಬ್ಬ ಮಾಡಿ, ಇಲ್ಲಿಂದ ನೋಡಿದರೆ ಕಾಣುತ್ತದೆ, ಅಲ್ಲಿಂದ ಕಾಣುವುದಿಲ್ಲ ಎಂದು ಪ್ರಯೋಗ ನಡೆಸುತ್ತಿದ್ದರು. ಕುಡಿದ ಲೋಟ ಮಗುಚಿದರೆ ಒಂದು ಪಕ್ಷ, ನಿಂತರೆ ಇನ್ನೊಂದು. ನನ್ನ ಮಾವ ಆ ಟೇಬಲ್ಲಿನ ಮೇಲೆ ದಿನಾ ಸಾಯುತ್ತಿದ್ದ.

ಬೇಕೆಂದೇ ಅನ್ನುವವರು ಹೇಳುತ್ತಿದ್ದದ್ದು ಹೀಗೆ: ಅವನು ಹೋದ ವರ್ಷ ಚೌಡಪ್ಪನ ಜೊತೆಗೇ ಗದ್ದೆಯಲ್ಲಿ ಕೂತು ಎಡೆ ಹುಗಿದವನು. ಹುಣ್ಣಿಮೆಯ ಬೆಳಿಗ್ಗೆ ಪೈರಿನ ನಡುವೆ ಜನ ಕೂತಿರುತ್ತಾರೆ ಎಂದು ಆ ಕ್ಯಾಂಪಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವನಿಗೆ ಮಾತ್ರ. ಗೊತ್ತಿದ್ದೂ ನುಗ್ಗಿಸಿದ ಮೇಲೆ ಅದಕ್ಕೆ ಏನೆನ್ನುತ್ತೀರಿ? ಅಲ್ಲವೆನ್ನುವವರ ಮಾತೂ ಅಲ್ಲಿಂದಲೇ ಏಳುತ್ತಿತ್ತು: ಅವನು ಹೋದ ವರ್ಷ ಜೊತೆಗಿದ್ದವನು. ಚೌಡಪ್ಪ ಕೂರುವುದು ಕೆಳಗಿನ ಮೂಲೆಯಲ್ಲಿ ಎಂದು ಕಂಡವನು. ಕೂ ಎಂದರೆ ಹಬ್ಬದ ಕೂಗು ಎಂದು ಕಲಿತವನು. ಮಂಜಪ್ಪ ಕೂಗಿದ್ದು ನಿಲ್ಲಿಸು ಎಂದು ಅವನಿಗೆ ಹೇಗೆ ತಿಳಿಯಬೇಕು? ಹೊರಗಿನ ಬೇರೆ ಯಾವ ಡ್ರೈವರ್ ಆಗಿದ್ದರೂ ಆ ಕೂಗಿಗೆ ಬೆದರಿ ನಿಲ್ಲಿಸಿಬಿಡುತ್ತಿದ್ದ.

ನನಗೆ ಎರಡೂ ಮಾತು ಸರಿಯೆನಿಸುತ್ತಿದ್ದವು, ಅದೇ ನನ್ನ ಸಂಕಟ. ಊರಿಗೆ ಅದು ಚರ್ಚೆ. ಅವನು ನೋಡಿದ್ದನೋ ಇಲ್ಲವೋ ಎಂಬುದರ ಮೇಲೆ ನನ್ನ ಇಡೀ ಬದುಕು ನಿಂತಿತ್ತು. ನೋಡಿದ್ದರೆ ನಾನು ಇಷ್ಟಪಟ್ಟದ್ದು ಒಬ್ಬ ಕೊಲೆಗಾರನನ್ನು. ನೋಡದಿದ್ದರೆ ಅವನಷ್ಟು ನತದೃಷ್ಟ ಇನ್ನೊಬ್ಬನಿಲ್ಲ, ಅವನ ಪಕ್ಕದಲ್ಲಿ ನಿಲ್ಲಬೇಕಾದವಳು ನಾನೊಬ್ಬಳೇ.

ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರೆ ಎಂದಾಯಿತು. ಹಿಂದಿನ ದಿನ ಮಂಜಪ್ಪ ನಮ್ಮ ಮನೆಗೆ ಬಂದ. ಅವನ ಕಣ್ಣು ಊದಿಕೊಂಡಿತ್ತು.

"ಹೂವಕ್ಕ, ಒಂದ್ ಮಾತು. ಅಪಘಾತ ಅಂತ ಆದ್ರೆ ರಸ್ತೆ ಆಯ್ತು ಅಂತ್ಲೇ ಲೆಕ್ಕ. ಬೇಕಂತ್ಲೇ ಕೊಂದ್ರು ಅಂತ ಆದ್ರೆ ಕೇಸು ನಡೀತದೆ, ಕೆಲ್ಸ ನಿಲ್ತದೆ. ಚೌಡಣ್ಣ ಜೀವ ಕೊಟ್ಟಿದ್ದು ಯಾವ್ದಕ್ಕೆ? ಗದ್ದೆ ಉಳೀಲಿ ಅಂತ ತಾನೆ? ಗೌರಿ ಹತ್ರ ಹೇಳ್ಸಿ."

"ಎಂತ ಹೇಳ್ಸದು?" ಎಂದಳು ಅತ್ತೆ.

"ಅವ್ನಿಗೆ ಗೊತ್ತಿತ್ತು ಅಂತ. ಸುಳ್ಳಲ್ವಲ್ಲ. ಗೊತ್ತಿತ್ತಲ್ಲ ಅವ್ನಿಗೆ?"

"ಗೊತ್ತಿದ್ದದ್ದು ಅಷ್ಟೇ ಅಲ್ಲ ಮಂಜಪ್ಪಣ್ಣ" ಎಂದೆ ನಾನು.

ಅವನು ನನ್ನ ಮುಖವನ್ನೇ ನೋಡಿದ. "ನೀನು ಯಾರ ಕಡೆ ಹುಡ್ಗಿ?" ಎಂದ. ಕೆಟ್ಟ ದನಿಯಲ್ಲಿ ಕೇಳಲಿಲ್ಲ, ಬೇಡಿಕೊಳ್ಳುವ ಹಾಗೆ ಕೇಳಿದ.

ಅಧಿಕಾರಿ ಶಾಲೆಯ ಕಟ್ಟಡದಲ್ಲಿ ಕೂತಿದ್ದರು. ನನ್ನ ಸರದಿ ಬಂದಾಗ, ಹೋದ ವರ್ಷ ಅವನು ನಿಮ್ಮ ಜೊತೆ ಗದ್ದೆಗೆ ಬಂದಿದ್ದನೇ ಎಂದು ಕೇಳಿದರು. ಬಂದಿದ್ದ ಎಂದೆ. ಜನ ಪೈರಿನಲ್ಲಿ ಕೂತಿರುತ್ತಾರೆಂದು ಅವನಿಗೆ ಗೊತ್ತಿತ್ತೇ ಎಂದರು. ಗೊತ್ತಿತ್ತು ಎಂದೆ. ಬಾಗಿಲ ಹೊರಗೆ ಮಂಜಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಸರಿ, ಹೋಗಮ್ಮ ಎಂದರು ಅಧಿಕಾರಿ. ನಾನು ಏಳಲಿಲ್ಲ.

"ಇನ್ನೂ ಇದೆ ಸ್ವಾಮಿ. ನಮ್ಮ ಕೂಗೂ ಅವನಿಗೆ ಗೊತ್ತಿತ್ತು. ಕೂ ಅಂದ್ರೆ ಹಬ್ಬ ಅಂತ ಮಾವನೇ ಕಲಿಸಿದ್ದ. ಮಾವ ಕೂರೋ ಜಾಗ ಬೇರೆ ಇತ್ತು. ಈ ವರ್ಷ ಅಲ್ಲಿ ಕೂತಿದ್ದು ನಮಗೂ ಗೊತ್ತಿರ್ಲಿಲ್ಲ. ಅವನು ನೋಡಿಲ್ಲ. ನೋಡಿದ್ರೆ ನಿಲ್ಲಿಸ್ತಿದ್ದ. ದಿನಾ ನಿಲ್ಲಿಸ್ತಿದ್ದ."

ಬರೆದುಕೊಳ್ಳುತ್ತಿದ್ದವನು ಕೈ ತಡೆದು, "ಕೂ ಅನ್ನೋದನ್ನ ಏನಂತ ಬರೀಲಿ ಸಾರ್?" ಎಂದು ಕೇಳಿದ. ಅಧಿಕಾರಿ ನಕ್ಕರು. ನನಗೆ ಮೈ ಉರಿದುಹೋಯಿತು. "ಕೂ ಅಂತ್ಲೇ ಬರೀರಿ" ಎಂದು ಹೇಳಿ ಹೊರಗೆ ಬಂದೆ. ಮಂಜಪ್ಪ ಮುಖ ತಿರುಗಿಸಿ ನಿಂತಿದ್ದ.

ಅಪಘಾತ ಎಂದೇ ತೀರ್ಮಾನವಾಯಿತು. ನನ್ನ ಮಾತಿನಿಂದ ಆಯಿತೋ, ಮೊದಲೇ ಆಗಿತ್ತೋ, ಆ ದೇವರಿಗೇ ಗೊತ್ತು. ನಜ್ಜಾಗದೆ ಉಳಿದಿದ್ದ ಭತ್ತದ ಮೇಲೆ ಇನ್ನೊಬ್ಬ ಡ್ರೈವರ್ ಬುಲ್ಡೋಜರ್ ಓಡಿಸಿದ. ಈ ಸಲ ಕೂರಲು ಯಾರಿಗೂ ಎದೆಯಿರಲಿಲ್ಲ. ಊರಿನವರು ನಮ್ಮ ಮನೆಯ ಕಡೆ ಬರುವುದನ್ನು ಕಡಿಮೆ ಮಾಡಿದರು.

ನಿಜ ಹೇಳಬೇಕೆಂದರೆ ಒಂದು ವಿಷಯದಲ್ಲಿ ಮಾತ್ರ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಬಸುರಿ ಭೂಮಿಗೆ ಹಬ್ಬದ ದಿನ ಕಬ್ಬಿಣ ತಾಗಿಸಲು ಅವನು ಒಪ್ಪಿದ್ದು ನಿಜ. ತಾನೇ ಸಮ ಮಾಡಿಕೊಟ್ಟ ಗದ್ದೆ ಅದು. ಭತ್ತವನ್ನು ಕೊಂದದ್ದು ಬೇಕೆಂದೇ, ಮಾವನನ್ನು ಕೊಂದದ್ದು ಅಲ್ಲ. ಈ ಎರಡರ ನಡುವೆ ಅಂತರ ಎಷ್ಟು ಎಂದು ಹೋಟೆಲಿನಲ್ಲಿ ಯಾರೂ ಚರ್ಚಿಸಲಿಲ್ಲ. ನಾನು ಚರ್ಚಿಸಿದ್ದೇನೆ, ಒಬ್ಬಳೇ, ಬಚ್ಚಲು ಒಲೆಯ ಮುಂದೆ, ಬಾಣಲೆಯ ಮುಂದೆ, ಇಷ್ಟು ವರ್ಷ.

ಅಂದು ಹಿಡಿದೊಯ್ದಿದ್ದ ಪೊಲೀಸರು ಬಿಟ್ಟ ಮೇಲೆ ನಿಂಗರಾಜ ನಮ್ಮ ಮನೆಗೆ ಬಂದ. ನಡು ಮಧ್ಯಾಹ್ನ, ಎಲ್ಲರಿಗೂ ಕಾಣುವ ಹಾಗೆ, ಊರ ನಡುವಿನ ದಾರಿಯಲ್ಲೇ ನಡೆದು ಬಂದ. ಗಡ್ಡ ಬೆಳೆದಿತ್ತು. ಅಂಗಳದಲ್ಲಿ ನಿಂತವನು ಮೇಲೆ ಹತ್ತಲಿಲ್ಲ. ಅತ್ತೆ ಜಗಲಿಯ ಕಂಬಕ್ಕೆ ಒರಗಿದ್ದಳು, ನಾನು ಹೊರಬಂದೆ.

"ಕೂತ್ಕ" ಎಂದಳು ಅತ್ತೆ.

ಅವನು ಅಂಗಳದ ನೆಲದಲ್ಲೇ ಕೂತ. "ಅಮ್ಮಾ, ನಾನು ನೋಡ್ಲಿಲ್ಲ. ಕೆಳಗಿನ ಮೂಲ್ಯಾಗ ಇರ್ತಾರ ಅಂದ್ಕಂಡೆ. ಅವ್ರು ಎಡೆ ಇಟ್ಟು ಮುಗಿಸೋದ್ರೊಳಗ ಮೇಲಿನ ಅಂಚಿನಾಗ ದಾಟಿಬಿಟ್ರ ಮುಖ ತೋರ್ಸೋದು ತಪ್ಪತೈತಿ ಅಂದ್ಕಂಡೆ. ಕೂ ಅಂದ್ರು..."

"ಅವ್ರು ಏಳಬಹುದಿತ್ತು" ಎಂದಳು ಅತ್ತೆ. "ಅಷ್ಟು ಶಬ್ದ ಕೇಳದೆ ಇರ್ತದಾ? ಬಡಿಸ್ತಾ ಇದ್ರು, ಏಳ್ಲಿಲ್ಲ. ಓಡ್ಸೋದು ನೀನು ಅಂತ ಗೊತ್ತಿತ್ತು. ನಿಲ್ಲಿಸ್ತಾನೆ ಅಂತ ಕೂತಿದ್ರು."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದಕ್ಕೆ ಅವನು ಮುಖ ಮುಚ್ಚಿಕೊಂಡು ಅತ್ತ. ಅತ್ತೆ ಒಳಗೆ ಹೋಗಿ ಬೆಲ್ಲ ನೀರು ತಂದು ಅವನ ಮುಂದೆ ಇಟ್ಟಳು. ಸಾವಿನ ಮನೆಯಾದರೂ ಅಂಗಳಕ್ಕೆ ಬಂದವನಿಗೆ ಬೆಲ್ಲ ನೀರು ಕೊಡದೆ ಕಳಿಸುವ ಹೆಂಗಸಲ್ಲ ಅವಳು. ಅವನು ನೀರು ಕುಡಿದು ಎದ್ದು ನನ್ನ ಕಡೆ ನೋಡಿದ.

"ನಾ ನಾಳೆ ಹೊಂಟೆ. ಬೇರೆ ಕಡೀಗೆ ಕೆಲ್ಸ ಸಿಗತೈತಿ. ನೀನು ಶಾಲ್ಯಾಗ ಹೇಳಿದ್ದು ಕೇಳ್ದೆ. ನಾ ನೋಡಿಲ್ಲ ಅಂತ ನೀ ನಂಬ್ತೀಯಲ್ಲ?"

"ನಂಬ್ತೀನಿ."

"ಮತ್ತ ಬಾ ನನ್ ಕೂಡ."

ಅತ್ತೆ ಬೇರೆ ಕಡೆ ನೋಡುತ್ತಿದ್ದಳು. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನನಗೆ ಆ ಕ್ಷಣಕ್ಕೆ ಅವನ ಜೊತೆ ಹೋಗುವುದಕ್ಕಿಂತ ಬೇರೆ ಆಸೆ ಇರಲಿಲ್ಲ. ಈಗ, ಈ ವಯಸ್ಸಿನಲ್ಲಿ, ಅದನ್ನು ಹೇಳಲು ನನಗೆ ನಾಚಿಕೆಯೇನೂ ಇಲ್ಲ. ಆದರೂ ನಾನು ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದ. ಯಾಕೆಂದು ಅವನಿಗೆ ಹೇಳಿದೆ. ಅವನನ್ನು ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ, ಇವತ್ತಿನವರೆಗೆ.

ಆ ಹುಣ್ಣಿಮೆಯ ಬೆಳಿಗ್ಗೆ, ಮಂಜಪ್ಪನ ಕೂಗಿನ ಹಿಂದೆಯೇ ದಿಬ್ಬದ ಕಡೆಯಿಂದ ಇನ್ನೊಂದು ಕೂಗು ಬಂತು. ಅರ್ಧಕ್ಕೆ ಒಡೆದು ಕೆಳಕ್ಕೆ ಬಿದ್ದ ಕೂಗು. ಕೂ ಎಂದರೆ ಓಗೊಡಬೇಕೆಂದು ಮಾವ ಕಲಿಸಿದ್ದನಲ್ಲ, ಅವನು ಬುಲ್ಡೋಜರ್ ಮೇಲಿಂದಲೇ ಓಗೊಟ್ಟಿದ್ದ. ಅಡುಗೆಮನೆಯಲ್ಲಿ ನಾವೆಲ್ಲ ಕೇಳಿಸಿಕೊಂಡೆವು. ಎಂಜಿನ್ನಿನ ಸದ್ದು ದಿನಾ ಇದ್ದದ್ದೇ, ಅದರತ್ತ ಯಾರ ಲಕ್ಷ್ಯವೂ ಇರಲಿಲ್ಲ. "ಬಂದ ಕಾಣೇ ನಿನ್ನ ಗಂಡ! ಇನ್ನೊಂದ್ ಎಲೆ ತೆಗಿ" ಎಂದು ಅತ್ತೆ ನಕ್ಕಳು. ಅವನು ಕೆಲಸ ಬಿಟ್ಟ, ಮಶೀನು ಬಿಟ್ಟು ನಮ್ಮ ಗದ್ದೆಗೆ ಬಂದ, ನನ್ನ ಮಾತು ನಡೆಸಿಕೊಟ್ಟ ಎಂದು ನನಗೆ ಕುಣಿಯುವಷ್ಟು ಸಂತೋಷವಾಯಿತು. ಓಡಿ ಹೋಗಿ ಬಾಳೆ ಎಲೆ ಕೊಯ್ದು ತಂದು, ತೊಳೆದು ಒರೆಸಿದೆ. ಬದುಕಿನಲ್ಲಿ ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ನಾನು ಆ ಎಲೆ ಒರೆಸುತ್ತಿದ್ದಾಗಲೇ ಅಲ್ಲಿ ಮಾವನ ಜೀವ ಹೋಗುತ್ತಿತ್ತು. ಇನ್ನು ಅವನ ದನಿ ಕೇಳಿ ನಾನು ಸಂತೋಷಪಡುವುದು ಹೇಗೆ? ಸಂತೋಷಪಡದೆ ಅವನ ಜೊತೆ ಬಾಳುವುದಾದರೂ ಹೇಗೆ?

ಅವನು ಕೇಳಿಸಿಕೊಂಡ. ಬಂದ ದಾರಿಯಲ್ಲೇ ಹೋದ. ಬೇಲಿ ಬಾಗಿಲ ಹತ್ತಿರ ತುಸು ನಿಂತ ಹಾಗೆ ಕಂಡಿತು. ಆಮೇಲೆ ಅವನ ಸುದ್ದಿ ಯಾವ ಕಡೆಯಿಂದಲೂ ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ನನ್ನನ್ನು ತೀರ್ಥಹಳ್ಳಿಗೆ ಕೊಟ್ಟರು. ಒಳ್ಳೆಯ ಗಂಡ, ಒಳ್ಳೆಯ ಮಕ್ಕಳು, ಯಾವುದಕ್ಕೂ ಕಡಿಮೆಯಾಗಲಿಲ್ಲ. ಅತ್ತೆಯನ್ನೂ ಕರೆದುಕೊಂಡು ಬಂದೆ, ನನ್ನ ಕೈಯಲ್ಲೇ ನೀರು ಕುಡಿದು ಹೋದಳು. ಆದರೂ ಕೆಲವು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಚಿತ್ರದುರ್ಗದ ಕಡೆ ಎಲ್ಲೋ ಒಬ್ಬ ಉದ್ದ ಕಾಲಿನ ಮುದುಕ ಇದ್ದಾನೋ ಇಲ್ಲವೋ, ಇದ್ದರೆ ಮಳೆ ಬಂದಾಗ ಈಗಲೂ ಹಾಗೇ ಮುದುಡುತ್ತಾನೋ ಎಂದು ನೆನೆಯುತ್ತ ಕೂರುತ್ತೇನೆ.

ಮಂಜಪ್ಪ ತೀರಿಕೊಳ್ಳುವ ಮೊದಲು ಒಮ್ಮೆ ನಮ್ಮ ಮನೆಗೆ ಬಂದಿದ್ದ. ಹಳೆಯ ಸಿಟ್ಟೆಲ್ಲ ಹೋಗಿತ್ತು. ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಊರಲ್ಲಿ ಆ ಚರ್ಚೆ ಹೇಗೆ ನಿಂತಿತು ಎಂದು ತಾನಾಗಿಯೇ ಹೇಳಿದ. ನಿಂಗರಾಜ ಹೊರಟುಹೋದ ಮೇಲೆ ಕೆಲವು ದಿನ ನಡೆಯಿತಂತೆ. ಆಮೇಲೆ ಎರಡೂ ಪಕ್ಷದವರು ಒಂದೇ ಮಾತಿಗೆ ಬಂದರಂತೆ.

"ಅಪಘಾತ ಅಂತ ಸರ್ಕಾರ ಹೇಳ್ಲಿ, ಯಾರಾದ್ರೂ ಹೇಳ್ಲಿ. ನೀನು ಅವ್ನ ಜೊತೆ ಹೋಗ್ಲಿಲ್ವಲ್ಲ ಗೌರಿ, ಅಲ್ಲಿಗೆ ಎಲ್ರಿಗೂ ಗೊತ್ತಾಯ್ತು" ಎಂದ ಮಂಜಪ್ಪ. "ಅಷ್ಟು ಇಷ್ಟ ಇದ್ದೋಳೇ ಬ್ಯಾಡ ಅಂದ್ಲು ಅಂದ್ಮೇಲೆ, ಅವ್ನು ಬೇಕಂತ್ಲೇ ಕೊಂದಿದ್ದು."